ಕೋಡ್ ಒಂಬತ್ತು

ಹತ್ತು ನಿಮಿಷಕ್ಕೊಮ್ಮೆ ನನ್ನ ಟ್ಯಾಬ್ ಕೂಗುತ್ತದೆ.
ಕೂಗಿದಾಗ ಕೃಪಾವತಿ ಸಿಸ್ಟರ್ ಏನು ಮಾಡುತ್ತಿದ್ದಾರೋ
ಅದಕ್ಕೊಂದು ಅಂಕಿ ಒತ್ತಬೇಕು.
ಒಂದು: ಚಿಕಿತ್ಸೆ. ಎರಡು: ಸಲಹೆ. ಮೂರು: ದಾಖಲೆ.
ನಾಲ್ಕು: ಪ್ರಯಾಣ. ಐದು: ವಿರಾಮ.
ಆರರಿಂದ ಎಂಟು ಈ ಸುತ್ತಿನಲ್ಲಿ ಖಾಲಿ.
ಒಂಬತ್ತು: ಇತರೆ.

ಔರಾದ ತಾಲ್ಲೂಕು, ನಾಗೂರ ಉಪಕೇಂದ್ರ,
ಡಿಸೆಂಬರದ ಥಂಡಿ.
ತೊಗರಿ ಕಟ್ಟಿಗೆಯ ಬೆಂಕಿಗೆ ಕೈಯೊಡ್ಡಿ ಕೂತ ಮುದುಕರು
'ಆಡಿಟಿನಾಕಿ ಬಂದಾಳ' ಎಂದರು.
'ಅಲ್ಲರಿ, ರಿಸರ್ಚಿನಾಕಿ' ಎಂದರು ಸಿಸ್ಟರ್,
'ನಾ ಎಷ್ಟೊತ್ತ ನಿಂದರತೀನಿ, ಎಷ್ಟೊತ್ತ ಕೂಡತೀನಿ
ಬರಕೊಳ್ಳಾಕಿ.'

ಒಂಬತ್ತೂವರೆ. ಬೀಪ್.
ಬಿ.ಪಿ. ಪಟ್ಟಿ ತಾರಾಬಾಯಿಯ ತೋಳಿಗೆ. ಒಂದು.
ಒಂಬತ್ತು ನಲವತ್ತು. ಅದೇ ತೋಳು, ಗಾಳಿ ಇಳಿದಿದೆ,
ಬಳೆ ಒಡೆದು ಚುಚ್ಚಿದ ಗಾಯದ ಮೇಲೆ ಕಣ್ಣಿಟ್ಟು
ಸಿಸ್ಟರ್ ಏನೂ ಕೇಳುತ್ತಿಲ್ಲ.
ತಾರಾಬಾಯಿಯೂ ಏನೂ ಹೇಳುತ್ತಿಲ್ಲ.
ನನ್ನ ಬೆರಳು ಎರಡರ ಮೇಲೆ ಹೋಗಿ ನಿಂತಿತು.
ಸಲಹೆಗೆ ಮಾತು ಬೇಕಲ್ಲ?
ಒಂಬತ್ತು.

ಲಸಿಕೆಯ ನೀಲಿ ಡಬ್ಬಿ ತಂದ ಹುಡುಗನಿಗೆ
ತಮ್ಮ ಪಾಲಿನ ಚಹಾ ಕೊಟ್ಟು, ಹರಿದ ಚಪ್ಪಲಿಗೆ
ಬ್ಯಾಂಡೇಜಿನ ಟೇಪು ಸುತ್ತಿಕೊಟ್ಟರು.
ಒಂಬತ್ತು.

ಹನ್ನೊಂದಕ್ಕೆ ಸರ್ವರ್ ಇಲ್ಲ.
ಎರಡು ಗೆರೆ ಸಿಗ್ನಲ್ ಸಿಗುವ ಕಿಟಕಿ ಸರಳಿಗೆ
ಫೋನು ಕಟ್ಟಿ, ಅದು ತಿರುಗುವ ತನಕ
ಸಕ್ಕರೆ ಕಾಯಿಲೆಯ ಖಾಜಾಮಿಯಾನ
ಕಾಲ್ಬೆರಳ ಸಂದಿ ಬಿಡಿಸಿ ಬಿಡಿಸಿ ನೋಡಿದರು.
ಕೈಪಿಡಿ ಹೇಳುತ್ತದೆ: ಏಕಕಾಲದ ಎರಡು ಕೆಲಸಗಳಲ್ಲಿ
ಮುಖ್ಯವಾದದ್ದನ್ನು ಮಾತ್ರ ನಮೂದಿಸಿ.
'ಮುಖ್ಯ ಯಾವುದು ಸಿಸ್ಟರ್?'
'ಸರ್ವರ್ ಬಂತೇನು ನೋಡವಾ ಮೊದಲ.'

ಮಧ್ಯಾಹ್ನ ಹೊಲದ ದಾರಿ. ನಾಲ್ಕು. ನಾಲ್ಕು.
ನಡೆಯುತ್ತಲೇ ಒಬ್ಬಳಿಗೆ ಮರಾಠಿಯಲ್ಲಿ ಗದರಿಕೆ,
ಇನ್ನೊಬ್ಬಳಿಗೆ ಕನ್ನಡದಲ್ಲಿ ಗುಳಿಗೆಯ ಲೆಕ್ಕ,
ಖಾಜಾಮಿಯಾನ ಸೊಸೆಗೆ ಉರ್ದುವಿನಲ್ಲಿ, ಕಿವಿ ಹತ್ತಿರ,
ನನಗೆ ಕೇಳದ್ದೇನೋ.
ಮೂವರೂ ನಾಲ್ಕರೊಳಗೆ ಹೋದರು.

ರಾತ್ರಿ ಬೀದರದಿಂದ ಮೇಲ್ವಿಚಾರಕರ ಫೋನು:
'ನಿಮ್ಮಲ್ಲಿ ಇತರೆ ಶೇಕಡಾ ಮೂವತ್ತೇಳು.
ಹತ್ತು ದಾಟಬಾರದು, ಡೇಟಾ ಹೊಲಸಾಗುತ್ತೆ.
ನೀವು ಸರಿಯಾಗಿ ನೋಡುತ್ತಿಲ್ಲ.'
ಹೌದು ಸರ್ ಎಂದೆ.
ತಾರಾಬಾಯಿಯ ತೋಳನ್ನು ಎರಡಕ್ಕೆ ಹಾಕಿದೆ,
ಚಹಾವನ್ನು ಐದಕ್ಕೆ.
ಕುಡಿದವನು ಹುಡುಗ; ವಿರಾಮ ಯಾರದು?
ಎರಡನ್ನೂ ಮತ್ತೆ ತೆಗೆದೆ.

ಮೂರನೆಯ ದಿನ ಹೊರಗೆ ಯಾರೂ ಇಲ್ಲ.
'ಎಷ್ಟ ಬರೀತಿ, ಕೈ ಕೊಡಿಲ್ಲಿ' ಎಂದರು ಸಿಸ್ಟರ್.
ಬೆರಳ ತುದಿಗೆ ಸೂಜಿ. ಎಂಟು ಪಾಯಿಂಟ್ ನಾಲ್ಕು.
'ಹುಮನಾಬಾದಿನಾಕಿ, ಇಷ್ಟ ಓದೀದಿ, ಮೈಯಾಗ ರಕ್ತ ಇಲ್ಲ.
ಮೂರ ದಿನಾ ಆತು ಬಾಗಿಲಕ್ಕ ಒರಗಿ ನಿಂತಿ.
ನಾ ನೋಡ್ಲತ್ತಿಲ್ಲಂತ ತಿಳದೇನು?'
ಅವರ ಉದ್ದನೆಯ ರಿಜಿಸ್ಟರಿನಲ್ಲಿ ನನ್ನ ಹೆಸರು,
ವಯಸ್ಸು ಇಪ್ಪತ್ತಾರು, ಕ್ರಮ ಸಂಖ್ಯೆ ನಲವತ್ತೊಂದು.
ಕಸುಬಿನ ಅಂಕಣದಲ್ಲಿ ಪೆನ್ನು ಸ್ವಲ್ಪ ತಡೆಯಿತು.
ಏನೋ ಬರೆದರು. ನಾನು ಬಗ್ಗಿ ನೋಡಲಿಲ್ಲ.
ಬೀಪ್. ಬಲಗೈ ಹತ್ತಿ ಹಿಡಿದಿತ್ತು,
ಎಡಗೈಯಿಂದ ಒಂದು ಒತ್ತಿದೆ.

ಐದೂ ಇಪ್ಪತ್ತರ ಬಸ್ಸು. ಬ್ಯಾಗಿನಲ್ಲಿ
ಕೆಂಪು ಗುಳಿಗೆಯ ಮೂರು ಪಟ್ಟಿ,
'ಚಹಾದ ಜೋಡಿ ತಗೋಬ್ಯಾಡ' ಎಂಬ ತಾಕೀತು.
ಆಫ್ ಮಾಡಲು ಮರೆತ ಟ್ಯಾಬ್
ಸಂತಪೂರ ದಾಟಿದ ಮೇಲೆ ಕೂಗಿತು:
ಈಗ ಏನು ಮಾಡುತ್ತಿದ್ದಾರೆ?
ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು.
ಮತ್ತೆ ಕೂಗಿತು.
ಪಕ್ಕದಾಕಿ ನನ್ನ ಮೊಣಕೈ ತಿವಿದಳು,
'ಯಾರದ ಫೋನವಾ, ಎತ್ತಬಾರದೇನು?'