ಅರ್ಧ ಗುಳಿಗಿ

ಹತ್ತು ದಿನದಾಗ ಗುಳಿಗಿ ಏನರೆ ನುಂಗೀಯೇನು?
ಇಲ್ರೀ ಮೇಡಂ, ಅಂದು ತೋಳು ಚಾಚಿದ
ಲಿಫ್ಟಿನ ಅಂಬಾರಾಯ.
ಕಲಬುರಗಿಯ ಮೇ; ಕೂಲರಿನಲ್ಲೂ ಬಿಸಿಗಾಳಿ.
ಗಾಜಿಗೆ ಕೊಲಾಜೆನ್ ಬಳಿದು
ಅವನ ರಕ್ತ ಹರಿಯಬಿಟ್ಟೆ.

ಕೂತವು ಕೆಲವು ಪ್ಲೇಟ್‌ಲೆಟ್,
ಮೈ ಚಪ್ಪಟೆ ಮಾಡಿ, ಮುಳ್ಳುಗೈ ಚಾಚಿ,
ಸಂತೆಯಲ್ಲಿ ಜಾಗ ಹಿಡಿದವರ ಹಾಗೆ.
ಆದರೆ ಹಿಂದೆ ಬರುವವರನ್ನು ಕೂಗಲಿಲ್ಲ.
ವಾಡಿಯಲ್ಲಿ ನಿಲ್ಲದ ಗೂಡ್ಸ್ ಗಾಡಿಯಂತೆ
ಉಳಿದದ್ದೆಲ್ಲ ಕಣ್ಣೆದುರೇ ಹಾದುಹೋಯಿತು.

ಮತ್ತೆ ಕೇಳಿದೆ.
ಶಹಾಬಾದಿ ಕಲ್ಲಿನ ನೆಲ ನೋಡುತ್ತ,
ತಲಿ ಸಿಡೀತಿತ್ರಿ ಬುಧವಾರ, ಅಂದ. ಆಸ್ಪಿರಿನ್. ಅರ್ಧಾನೇ.
ಇನ್ನರ್ಧ ನಮ್ಮಾಕಿಗಿ ಕೊಟ್ಟೆ.

ಐದು ದಿನದ ಹಿಂದಿನ ಅರ್ಧ ಗುಳಿಗೆ
ಅವುಗಳ ಬಾಯಿಗೆ ಇನ್ನೂ ಬೀಗ ಹಾಕಿತ್ತು.

ಹನ್ನೊಂದನೇ ಮಾದರಿ ರದ್ದು, ಬರೆದುಕೊಂಡೆ.
ಅವನ ಮೊಳಕೈ ಮಡಿಕೆಯ ಹತ್ತಿ
ತುಸುತುಸು ಕೆಂಪಾಗುತ್ತಲೇ ಇತ್ತು.
ಬಿಡಬ್ಯಾಡ, ಅಂದೆ, ಒತ್ತಿ ಹಿಡಕೋ.