ಮಗ್ಗಲು

ಇಪ್ಪತ್ತಾರು ವರ್ಷ ನೂಲಿನ ಲೆಕ್ಕ ಬರದ ಕೈ ಇದು.
ಬೆಟಗೇರಿ ನೇಕಾರರ ಸೊಸೈಟಿಯೊಳಗ
ಲಡಿ ಎಷ್ಟು ಬಂದ್ವು, ಎಷ್ಟು ಹೋದ್ವು,
ಯಾರ ಮಗ್ಗಕ್ಕ ಯಾವ ಬಣ್ಣ.
ಸೊಸೈಟಿಗೆ ಕೀಲಿ ಬಿದ್ದ ಮ್ಯಾಲೆ
ಅಂಬೂಬಾಯಿ ಕಬಾಡಿ ಬಂದು, ಕಟ್ಟಿಮ್ಯಾಲೆ ಕುಂತು,
"ಅಣ್ಣಾ, ನಿಮ್ಮ ಅಕ್ಷರ ಚಂದ ಅದಾವ,
ನಮಗೊಂದು ವಹಿ ಬರದು ಕೊಡ್ರಿ" ಅಂದಳು.
"ಯಾತರ ವಹಿ?"
"ಹಾಸಿಗಿ ಹಿಡದವರದು."

ಹದಿನೇಳು ಹೆಂಗಸರು, ಇಬ್ಬರು ಗಂಡಸರು.
ಷೇರು ನೂರು ರೂಪಾಯಿ.
ಮಿಷನ್ ದವಾಖಾನ್ಯಾಗ ಆಯಾ ಇದ್ದ ಸುವಾರ್ತಮ್ಮ ಕಲಿಸಿದಳು:
ನೀರಿನ ಬಿಸಿ ಮೊಣಕೈಲೆ ನೋಡೂದು,
ಚಾದರ ಸುಕ್ಕಿಲ್ಲದಂಗ ಎಳಿಯೂದು,
ಗಂಜಿ ಕುಡಿಸೂ ಮೊದಲು ಎಬ್ಬಿಸಿ ಕೂಡ್ರಿಸೂದು.
ಮತ್ತ, ಒಳಗ ಹೋಗೂಮುಂದ
ಮಾತು ನಿಂತವರನ್ನೂ ಹೆಸರು ಹಿಡದು ಕೇಳೂದು,
"ಬರಲೇನ್ರಿ?"

ನೋಂದಣಿ ಕಚೇರಿಯೊಳಗ ಸಾಹೇಬ್ರು
ಬೈಲಾ ಮಗಚಿ ಹಾಕಿ, ಚಷ್ಮಾ ತಗದು,
"ಹಾಲಿನ ಸಂಘ ಅಂದ್ರ ಹಾಲು,
ನೂಲಿನದಂದ್ರ ನೂಲು.
ನಿಮ್ಮದು ಉತ್ಪನ್ನ ಏನ್ರಿ?"
ನಾ ಬಾಯಿ ತೆಗಿಯೂದ್ರಾಗ ಅಂಬೂಬಾಯಿ:
"ಹುಣ್ಣಾಗದ ಬೆನ್ನು, ಸಾಹೇಬ್ರ."
ಅವರು ಬರಕೊಳ್ಳಲಿಲ್ಲ.
ನಾಕು ಸಲ ಅಡ್ಡಾಡಿದ್ವಿ. ಐದನೇದಕ್ಕ
"ಸೇವೆ" ಅಂತೊಂದು ಖಾನೆ ಸಿಕ್ಕಿತು.
ರಬ್ಬರ್ ಶಿಕ್ಕಾದಾಗ "ಆರೈಕೆ" ಹೋಗಿ "ಅರೈಕೆ" ಆಗಿ ಬಂತು.
ಮತ್ತೊಂದು ಮಾಡಿಸಲಿಕ್ಕೆ ನೂರಾ ಎಂಬತ್ತು.
ಇರಲಿ ಅಂದ್ವಿ. ಪ್ರತಿ ಪಾವತಿಮ್ಯಾಲೂ
ದೀರ್ಘ ನಾವ ಪೆನ್ನಿಲೆ ಹಚ್ಚತೀವಿ.

ಜಗಳ ಆಗಿಲ್ಲಂತ ಹೇಳೂದಿಲ್ಲ.
ತಾಸಿಗೆ ಅರವತ್ತೊ ಎಪ್ಪತ್ತೊ, ಅದಕ್ಕ ಒಂದು ಇಡೀ ಸಂಜಿ.
"ನನ್ನ ಅತ್ತೀನ್ನ ಒಂಬತ್ತು ವರ್ಷ ಪುಕ್ಕಟ ನೋಡೀನಿ,
ಆ ಪಗಾರ ಯಾರನ್ನ ಕೇಳಲಿ?" ಅಂತ
ಕಸ್ತೂರೆವ್ವ ಎದ್ದು ನಿಂತಾಗ
ಯಾರೂ ನಗಲಿಲ್ಲ.

ಠರಾವು ಏಳು:
ಒಂದು ಮನ್ಯಾಗ ಖೈರುನ್ನಬಿಗೆ
ನೀರಿನ ಕೊಡ ಮುಟ್ಟಬ್ಯಾಡ ಅಂದದ್ದರ ಕುರಿತು.
"ಸೇವೆ ಹಿಂಪಡೆಯತಕ್ಕದ್ದು" ಬರದೆ. ಹೊಡದು ಹಾಕಿದೆ,
ಹಾಸಿಗ್ಯಾಗಿನ ಮುದುಕಿ ಅಂದಿದ್ದಲ್ಲ ಆ ಮಾತು.
"ಎಚ್ಚರಿಕೆ ನೀಡತಕ್ಕದ್ದು" ಬರದೆ. ಅದನ್ನೂ ಹೊಡದೆ.
ಖೈರುನ್ನಬಿ ನೆಟಿಗಿ ಮುರಕೋತ ಕುಂತಿದ್ದಳು.
"ಬರೀರಿ, ಹೊಡೀರಿ. ನಾಕಕ್ಕ ನನ್ನ ಪಾಳಿ ಐತಿ."
ಮುಂದಿನ ಸಭೆಗೆ ಮುಂದೂಡಲಾಗಿದೆ.
ಮೂರು ಸಭಾ ಆದ್ವು. ಇನ್ನೂ ಮುಂದೂಡಲಾಗಿದೆ.
ಆಕಿ ಮನಿಂದ ಬಾಟ್ಲಿ ತುಂಬಕೊಂಡು ಹೋಗತಾಳ.
ಇದು ಸಂಘದ ಸಾಲ. ಬಾಕಿಪಟ್ಟಿಯೊಳಗ ಇಲ್ಲ.

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು.
ಎಡಕ್ಕಿದ್ರ ಎ, ಬಲಕ್ಕಿದ್ರ ಬ.
ತಿಂಗಳ ಹಾಳಿ ಮಡಚೂಮುಂದ ನೋಡಿದೆ:
ಎ ಬ ಎ ಬ ಎ ಬ
ಸೀರಿ ದಡಿಯ ನಕ್ಷಾದಂಗ,
ಲಾಳಿ ಹೋಗಿ ಬಂದು, ಹೋಗಿ ಬಂದು.
ಮಗ್ಗ ಬಿಟ್ಟ ಓಣ್ಯಾಗ ಮಗ್ಗಲು ನೇಯೂ ಮಂದಿ
ಅಂತ ಒಂದು ಸಾಲು ತಲ್ಯಾಗ ಬಂತು.
ಭಾಳ ಚಂದ ಅನಿಸಿತು. ಅದಕ್ಕ ಬಿಟ್ಟೆ.

ಯಾಕಂದ್ರ ಹದಿನಾಲ್ಕನೇ ತಾರೀಖು,
ನಸಿಕಿನ ಮೂರರ ಖಾನೆ ಖಾಲಿ.
ಸುವಾರ್ತಮ್ಮ. ಕಲಿಸಿದಾಕಿನ.
ಅರವತ್ತೆಂಟರ ಮೈ, ಕುರ್ಚಿಯಾಗ ಕಣ್ಣು ಹತ್ತಿತ್ತು.
ಐದಕ್ಕ ಆಕಿಯ ದಪ್ಪ ಅಕ್ಷರ:
"ಬ. ತಡಾ ಆತು. ಎಡಗಡಿ ಟೊಂಕದ ಎಲುವಿನ ಮ್ಯಾಲೆ ಕೆಂಪಾಗೇತಿ.
ತಿಕ್ಕಿಲ್ಲ. ಹೊಳ್ಳಿಸೀನಿ. ಮನಿಯವರಿಗೆ ಹೇಳೀನಿ.
ನನ್ನ ರಾತ್ರಿ ಪಾಳಿ ತಗೀರಿ."

ಆ ಖಾನೆ ನಾ ತುಂಬಲಿಲ್ಲ.
ಕೆಳಗ, ಮುಂದಿನ ಸಭಾದ ವಿಷಯ ಬರದೆ.
ಒಂದು: ಸುವಾರ್ತಮ್ಮಗ ಹಗಲು ಪಾಳಿ, ಪಗಾರ ಅಷ್ಟ.
ಎರಡು: ಠರಾವು ಏಳು.