ನೈಟ್ ಹಾಲ್ಟ್

ಮನೆಯಲ್ಲಿ ನೈಟ್ ಹಾಲ್ಟ್ ಎಂದು ಹೇಳಿ ಬಂದೆ.
ಪೂರ್ತಿ ಸುಳ್ಳೇನಲ್ಲ.

ಹನ್ನೊಂದು ವರ್ಷ ಮಧುಗಿರಿಯಿಂದ ಪಾವಗಡಕ್ಕೆ
ಇದರ ಮಗ್ಗುಲಲ್ಲೇ ಸೀಟಿ ಊದಿಕೊಂಡು ಹೋಗಿದ್ದೇನೆ.
ಮಿಡಿಗೇಶಿ ದಾಟಿ, ಚಿಲ್ಲರೆ ಎಣಿಸಿ ತಲೆಯೆತ್ತುವ ಹೊತ್ತಿಗೆ
ಎಡಗಡೆ ಕಿಟಕಿ ತುಂಬ ಬಂಡೆ.
ಎರಡು ಸ್ಟೇಜಿನ ನಡುವೆ ಬಿದ್ದಿರುವುದರಿಂದ
ಅದಕ್ಕೆ ದರವಿಲ್ಲ, ಹೆಸರು ಕೂಗಿದವರಿಲ್ಲ,
ಇಲ್ಲಿ ಇಳೀತೀನಿ ಅಂದವರನ್ನು ನಾನು ಕಂಡಿಲ್ಲ.

ಈವತ್ತು ನಾನೇ ಇಳಿದೆ,
ಕೈಯಲ್ಲಿ ಸೊನ್ನೆ ಟಿಕೆಟ್ಟು, ಎಲ್ಲ ಹೆಂಗಸರ ಹಾಗೆ.
ಬಾಬಾಜಾನ್ ಸಾಬರು ಸ್ಟೇರಿಂಗ್ ಬಿಡದೆ ಕನ್ನಡಿಯಲ್ಲೇ ಕೇಳಿದರು,
"ಇಲ್ಲೇನಿದೆ ಮೇಡಂ?"
ಗೊತ್ತಿಲ್ಲ ಅಂದೆ. ಬಾಗಿಲು ಮುಚ್ಚಿಕೊಂಡಿತು.

ಬೆನ್ನಿಗೆ ಮಗಳ ಹಳೇ ಸ್ಕೂಲ್ ಬ್ಯಾಗು,
ಜಿಪ್ಪು ಹೋದ ಕಡೆ ಬಟ್ಟೆಪಿನ್ನು.
ಒಳಗೆ ನಾಲ್ಕು ರೊಟ್ಟಿ, ಹುಚ್ಚೆಳ್ಳು ಪುಡಿ, ಟಾರ್ಚು, ಕಂಬಳಿ,
ಅವಳು ಮರೆತ ಒಂದು ಮೊಂಡು ಪೆನ್ಸಿಲ್ಲು.
ದುಡ್ಡಿನ ಚೀಲ ಎಳೆದೆಳೆದು ಇಳಿದುಹೋದ ಎಡ ಹೆಗಲು
ಎಷ್ಟೋ ದಿನಕ್ಕೆ ಬಲದ ಸಮಕ್ಕೆ ನಿಂತಿತು.

ದಾರಿ ಎಂದರೆ ಆಡಿನ ದಾರಿ.
ಬಂದರೆ ಸೊಪ್ಪು ಮೊಣಕಾಲಿಗೆ ಸವರಿ ಅಂಟು ವಾಸನೆ.
ಬಾದೆ ಹುಲ್ಲಿನಲ್ಲಿ ಏನೋ ಸರಿದು, ನಿಂತು,
ನನ್ನನ್ನು ಮುಂದಕ್ಕೆ ಬಿಟ್ಟುಕೊಟ್ಟಿತು.
ಮೊದಲ ದೊಣೆಯಲ್ಲಿ ಪಾಚಿ, ಆಡಿನ ಹಿಕ್ಕೆ, ಬಿಸ್ಕತ್ತಿನ ಕಾಗದ.
ಎರಡನೆಯದರಲ್ಲಿ ತಾವರೆಯಲ್ಲ, ಯಾವುದೋ ಬಡ ಬಿಳೀ ಹೂ,
ನೀರಿಗೆ ತೇಪೆ ಹಾಕಿದಂತೆ.

ಅಲ್ಲಿ ಚಿತ್ತಯ್ಯ ಸಿಕ್ಕ, ಆಡಿಗೆ ನೀರು ಕುಡಿಸುತ್ತಾ.
"ಯಾರ್ ಜತೆ ಬಂದ್ಯವ್ವ?"
"ಒಬ್ಳೇ."
"ಹರಕೆ ಏನಾರ?"
"ಇಲ್ಲ."
"ಆಡು ಕಳ್ಕಂಡೀಯಾ?"
"ಇಲ್ಲ."
ಅವನಿಗೆ ಕಾರಣಗಳು ಮುಗಿದವು. ನನಗೂ.
ರೊಟ್ಟಿ ಮುರಿದು ಕೊಟ್ಟೆ. ಪಂಚೆಯ ತುದಿಯಿಂದ ಕಾರೆಹಣ್ಣು ಬಿಚ್ಚಿ ಕೊಟ್ಟ.
ಬೆಟ್ಟಕ್ಕೆ ಈ ಕಡೆಯವರು ಎಮ್ಮೆಗುಡ್ಡ ಅಂತಾರಂತೆ,
ಆ ಕಡೆಯವರು ಬಸವನದಿಬ್ಬ. ಅದೇ ಜಗಳ.
"ಆಡಿಗೆ ಎರ್ಡೂ ಒಂದೇಯ."
ಮೇಲಿನ ದೊಣೆಗೆ ಏಳು ಮಂಚದ ಹಗ್ಗ ಗಂಟುಹಾಕಿ ಬಿಟ್ಟರೂ
ತಳ ಸಿಗಲಿಲ್ಲವಂತೆ.
"ಯಾರು ಬಿಟ್ರು?"
"ಅಂತಾರೆ."
ಕತ್ತಲಾದ್ರೆ ಕರಡಿ ನೀರಿಗೆ ಬತ್ತದೆ, ಸೀಟಿ ಗೀಟಿ ಐತಾ ಅಂದ.
ಇದೆ ಅಂದೆ. ಅದೊಂದಕ್ಕೆ ಕೊರತೆಯಿಲ್ಲ.

ಮೂರನೆಯದು ನೆತ್ತಿಯಲ್ಲಿ,
ನಾಲ್ಕು ಗುಂಡು ಬೆನ್ನು ತಿರುಗಿಸಿ ಕೂತ ನಡುವೆ.
ಕಾದ ಕಲ್ಲಿನಿಂದ ಇಳಿದು ಕಾಲಿಟ್ಟರೆ
ಮೊಳಕಾಲವರೆಗೂ ಜುಂ ಎಂದಿತು.
ಇಷ್ಟು ಮೇಲಕ್ಕೆ ಮೀನು ಹೇಗೆ ಬಂದವೋ, ಯಾವ ಬಸ್ಸು ಹತ್ತಿಯೋ,
ಚೆಕಿಂಗಿನವರ ಹಾಗೆ ಒಂದೊಂದಾಗಿ ಬಂದು
ಹನ್ನೊಂದು ವರ್ಷ ನಿಂತೇ ಇದ್ದ ಪಾದಗಳನ್ನು
ಮುಟ್ಟಿ ಮುಟ್ಟಿ ನೋಡಿದವು.

ಆರೂಮುಕ್ಕಾಲಕ್ಕೆ ಕೆಳಗೆ ಕೆರೆ ಏರಿಯ ಮೇಲೆ ನನ್ನ ಬಸ್ಸು,
ಬೆಂಕಿಪೊಟ್ಟಣದಷ್ಟು, ಒಳಗೆ ದೀಪ ಹಚ್ಚಿಕೊಂಡು.
ನನ್ನ ಜಾಗದಲ್ಲಿ ಇನ್ನಾರೋ ಹೇಳುತ್ತಿರಬೇಕು:
ಚಿಲ್ಲರೆ ಇಲ್ಲ, ಹಿಂದೆ ಬರೆದಿದೀನಿ, ಇಳಿಯುವಾಗ ಇಸ್ಕೊಳ್ಳಿ.
ಇಳಿಯುವಾಗ ಎಷ್ಟು ಜನ ಮರೆತರೋ,
ಎಷ್ಟು ಸಲ ನಾನೇ ಮರೆತಂತೆ ಅತ್ತ ತಿರುಗಿದೆನೋ.
ಎರಡು ರೂಪಾಯಿ, ಮೂರು ರೂಪಾಯಿ.
ಇಲ್ಲಿಂದ ಅದೂ ಕಾಣುತ್ತದೆ.

ರಾತ್ರಿ ಬಂತು ಅದು.
ನೀರಿನ ಆಚೆ ದಡದಲ್ಲಿ, ಕತ್ತಲಿಗಿಂತ ಒಂದು ಸುತ್ತು ಕಪ್ಪು.
ಮಂಟಪದ ಕಂಬಕ್ಕೆ ಒತ್ತಿಕೊಂಡು ಸೀಟಿ ತುಟಿಗಿಟ್ಟೆ.
ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು.
ಯಾವುದು ಹೇಳಲಿ, ಅದೂ ಯಾರ ಬೆಟ್ಟದಲ್ಲಿ?
ಸೊರಸೊರನೆ ಕುಡಿಯಿತು. ಉಸಿರು ಬಿಟ್ಟಿತು. ಮತ್ತೆ ಕುಡಿಯಿತು.
ಯಾವಾಗ ಹೋಯಿತೋ ತಿಳಿಯಲಿಲ್ಲ.
ಬಾಯಲ್ಲಿ ಸೀಟಿ ಇಟ್ಟುಕೊಂಡೇ ನಿದ್ದೆ ಹೋಗಿದ್ದೆ.

ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಕೈ ಅಡ್ಡ ಹಾಕಿದೆ.
ಬೇರೆ ಡಿಪೋದ ಹೊಸ ಹುಡುಗ.
"ಸ್ಟೇಜ್ ಅಲ್ಲಮ್ಮ ಇದು."
"ಗೊತ್ತಪ್ಪ."
"ಎಲ್ಲಿಂದ ಹಾಕ್ಲಿ?"
ಎಮ್ಮೆಗುಡ್ಡ ಅಂದೆ. ಹುಡುಕಿದ. ಬಸವನದಿಬ್ಬ ಅಂದೆ.
ಮಿಷನ್ನಿನಲ್ಲಿ ಎರಡೂ ಇಲ್ಲ ಅಂದ,
ಹಿಂದಿನ ಸ್ಟೇಜಿನಿಂದ ಒಂದು ಸೊನ್ನೆ ಹರಿದು ಕೊಟ್ಟ.